ತೋಟದ ಮೇಲೆ ಸಾಲ ತೆಗೆಯುವ ಮೊದಲು ಹೆಲಿಕಾಪ್ಟರ್ ಕೆಲಸದ ಬಗ್ಗೆ ಇಷ್ಟು ತಿಳಿದಿರಲಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ. ಮೂರು ಎಕರೆ ಅಡಿಕೆ ತೋಟ ಇದೆ. ಮಗಳು ಎರಡನೇ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಚುನಾವಣೆ ಹೊತ್ತಲ್ಲಿ ಹೈಸ್ಕೂಲ್ ಮೈದಾನಕ್ಕೆ ಹೆಲಿಕಾಪ್ಟರ್ ಇಳಿದದ್ದನ್ನು ನೋಡಿದಾಗಿನಿಂದ ಅವಳಿಗೆ ಅದೇ ಗುಂಗು. ಸಮುದ್ರದ ಎಣ್ಣೆ ಬಾವಿಗಳಿಗೆ ಹಾರುವ, ಮುಳುಗುವವರನ್ನು ಮೇಲೆತ್ತುವ ಹೆಲಿಕಾಪ್ಟರ್‌ನ ಪೈಲಟ್ ಆಗಬೇಕು ಅನ್ನುತ್ತಾಳೆ. ಒಬ್ಬ ಏಜೆಂಟರು ವಿದೇಶದಲ್ಲಿ ತರಬೇತಿ ಕೊಡಿಸುತ್ತೇವೆ, ಲೈಸೆನ್ಸ್ ಕೈಗೆ ಬಂದ ಕೂಡಲೇ ಕೆಲಸ ಗ್ಯಾರಂಟಿ ಅಂತಾರೆ. ಅದಕ್ಕೆ ತೋಟದ ಮೇಲೆ ಸಾಲ ತೆಗೆಯಬೇಕು. ತೆಗೆಯಬಹುದೇ? ಅವಳ ಅಮ್ಮನಿಗೆ ಇನ್ನೊಂದು ಭಯ. ಸಮುದ್ರದ ಮೇಲೆ ಹೆಲಿಕಾಪ್ಟರ್ ಬಿದ್ದರೆ ಏನು ಗತಿ?

ಉತ್ತರ:

ಸಾಲದ ಮಾತು ಮೊದಲು ಮುಗಿಸೋಣ. ಈಗ ತೆಗೆಯಬೇಡಿ. ಮಗಳ ಆಸೆ ತಪ್ಪು ಅಂತ ಅಲ್ಲ. ನಾನೂ ಹೊಸನಗರದ ಕಡೆಯವನು. ಮೊದಲು ಸೇನೆಯ ಹೆಲಿಕಾಪ್ಟರ್, ಆಮೇಲೆ ಮುಂಬೈಯಿಂದ ಎಣ್ಣೆ ಪ್ಲಾಟ್‌ಫಾರಂಗಳಿಗೆ, ಅಂದರೆ ಸಮುದ್ರದ ಮಧ್ಯೆ ಎಣ್ಣೆ ಬಾವಿಗಳ ಮೇಲೆ ಕಟ್ಟಿದ ಕಬ್ಬಿಣದ ಅಟ್ಟಗಳಿಗೆ ಹಾರಾಟ, ಹೀಗೆ ಜೀವನ ಕಳೆದಿದ್ದೇನೆ. ಇನ್ನೊಂದು ಸಲ ಹುಟ್ಟಿದರೂ ಇದೇ ಕೆಲಸ ಮಾಡುತ್ತೇನೆ. ಆದರೆ "ಲೈಸೆನ್ಸ್ ಬಂದ ಕೂಡಲೇ ಕೆಲಸ" ಅನ್ನುವ ಮಾತಿದೆಯಲ್ಲ, ಅದು ನಿಜ ಅಲ್ಲ. ಯಾಕೆ ಅಲ್ಲ ಅಂತ ಬಿಡಿಸಿ ಹೇಳುತ್ತೇನೆ.

ನಮ್ಮ ದೇಶದಲ್ಲಿ ಪೈಲಟ್ ಲೈಸೆನ್ಸ್ ಕೊಡುವುದು ಡಿಜಿಸಿಎ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆ. ಹೆಲಿಕಾಪ್ಟರ್‌ನ ಕಮರ್ಷಿಯಲ್ ಲೈಸೆನ್ಸ್‌ಗೆ 150 ಗಂಟೆ ಹಾರಿರಬೇಕು. ವಿಮಾನಕ್ಕಾದರೆ 200 ಗಂಟೆ. ಈ 150 ಗಂಟೆಯನ್ನು ಸಾಮಾನ್ಯವಾಗಿ ರಾಬಿನ್ಸನ್ ಆರ್22, ಆರ್44 ಥರದ ಸಣ್ಣ ಹೆಲಿಕಾಪ್ಟರ್‌ಗಳಲ್ಲಿ ಹಾರುತ್ತಾರೆ. ಆರ್22ರಲ್ಲಿ ಎರಡೇ ಸೀಟು, ಒಂದೇ ಪಿಸ್ಟನ್ ಎಂಜಿನ್. ಸಮುದ್ರಕ್ಕೆ ಹೋಗುವ ಹೆಲಿಕಾಪ್ಟರ್ ಬೇರೆಯದೇ ಜಾತಿ. ಡಾಫಿನ್, ಬೆಲ್ 412, ಎಡಬ್ಲ್ಯೂ139 ಇಂಥವು. ಎರಡು ಟರ್ಬೈನ್ ಎಂಜಿನ್, ಇಬ್ಬರು ಪೈಲಟ್‌ಗಳು, ಹಿಂದೆ ಹತ್ತು ಹನ್ನೆರಡು ಜನ. ಹೊರಗೆ ಏನೂ ಕಾಣದಿದ್ದರೂ ಬರೀ ಮೀಟರ್ ನೋಡಿ ಹಾರುವುದಕ್ಕೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಬೇಕು. ಆ ಮಾದರಿಯ ಹೆಲಿಕಾಪ್ಟರ್‌ಗೆ ಪ್ರತ್ಯೇಕ ಟೈಪ್ ರೇಟಿಂಗ್ ಬೇಕು. ಎರಡಕ್ಕೂ ಮತ್ತೆ ದುಡ್ಡು.

ಅದಕ್ಕಿಂತ ದೊಡ್ಡ ವಿಷಯ ಗಂಟೆಗಳದ್ದು. ಎಣ್ಣೆ ಕಂಪನಿ ಹೆಲಿಕಾಪ್ಟರ್ ಬಾಡಿಗೆಗೆ ಪಡೆಯುವಾಗ ಕರಾರಿನಲ್ಲೇ ಬರೆದಿರುತ್ತದೆ: ಕ್ಯಾಪ್ಟನ್‌ಗೆ ಇಷ್ಟು ಗಂಟೆ ಅನುಭವ, ಕೋ-ಪೈಲಟ್‌ಗೆ ಇಷ್ಟು ಗಂಟೆ ಅಂತ. ಕಮರ್ಷಿಯಲ್‌ಗಿಂತ ಮೇಲಿನ ದೊಡ್ಡ ಲೈಸೆನ್ಸ್‌ಗೇ 1000 ಗಂಟೆ ಬೇಕು. 150 ಗಂಟೆ ಹಾರಿದ ಹುಡುಗಿ ಅರ್ಜಿ ಹಾಕಿದಾಗ ಅದೇ ಮೇಜಿನ ಮೇಲೆ ಸೇನೆ, ನೌಕಾಪಡೆ, ವಾಯುಪಡೆಯಿಂದ ನಿವೃತ್ತರಾದವರ ಅರ್ಜಿಗಳೂ ಇರುತ್ತವೆ. ಅವರದ್ದು ಸಾವಿರಾರು ಗಂಟೆ. ಭಾರತದ ಖಾಸಗಿ ಹೆಲಿಕಾಪ್ಟರ್‌ಗಳಲ್ಲಿ ಕೂರುವ ಕ್ಯಾಪ್ಟನ್‌ಗಳಲ್ಲಿ ಹೆಚ್ಚಿನವರು ಬಂದದ್ದು ಅಲ್ಲಿಂದಲೇ. ನಾನೂ ಅಷ್ಟೇ.

ವಿದೇಶದಲ್ಲಿ ಹೊಸಬರು ಏನು ಮಾಡುತ್ತಾರೆ? ಲೈಸೆನ್ಸ್ ಆದಮೇಲೆ ಅದೇ ಶಾಲೆಯಲ್ಲಿ ಪಾಠ ಹೇಳುತ್ತಾರೆ, ಪ್ರವಾಸಿಗರನ್ನು ಸುತ್ತಿಸುತ್ತಾರೆ. ಹಾಗೆ ಗಂಟೆ ಕೂಡಿಸಿಕೊಂಡು ಆಮೇಲೆ ಸಮುದ್ರದ ಕೆಲಸಕ್ಕೆ ಬರುತ್ತಾರೆ. ನಮ್ಮ ಮಕ್ಕಳಿಗೆ ಅಲ್ಲಿ ಕೆಲಸ ಮಾಡುವ ಪರವಾನಗಿ ಸುಲಭಕ್ಕೆ ಸಿಗಲ್ಲ. ಇಲ್ಲಿ ಆ ನಡುವಿನ ಮೆಟ್ಟಿಲೇ ಸರಿಯಾಗಿ ಇಲ್ಲ. ಏಜೆಂಟರು ಇದನ್ನು ಹೇಳಿರಲಿಕ್ಕಿಲ್ಲ ಅಲ್ವಾ?

ನನಗೆ ಗೊತ್ತಿರುವ ಒಬ್ಬ ಹುಡುಗ, ಸಾಗರದ ಕಡೆಯವನೇ, ಹೀಗೆ ಹೊರಗೆ ಹೋಗಿ ಲೈಸೆನ್ಸ್ ಮಾಡಿಕೊಂಡು ಬಂದ. ಚೆನ್ನಾಗಿ ಹಾರುತ್ತಿದ್ದ. ಊರಿಗೆ ಬಂದು ಎರಡು ವರ್ಷ ಕಾದ. ಕೈ ಬಿಟ್ಟುಹೋಗದಿರಲಿ ಅಂತ ಆಗಾಗ ಸ್ವಂತ ದುಡ್ಡು ಕೊಟ್ಟು ಹಾರಬೇಕಾಯಿತು. ಕೊನೆಗೆ ಬೆಂಗಳೂರಲ್ಲಿ ಬೇರೆ ಕೆಲಸಕ್ಕೆ ಸೇರಿದ. ಅವನ ಅಪ್ಪ ನನ್ನ ಮುಂದೆ ಕೂತು ಒಂದೇ ಮಾತು ಕೇಳಿದರು, "ಇದನ್ನು ಮೊದಲೇ ಯಾರಾದ್ರೂ ಹೇಳಬಾರದಿತ್ತಾ?" ಅವತ್ತಿನಿಂದ ಯಾರು ಕೇಳಿದರೂ ಮೊದಲು ಹೇಳಿಬಿಡುತ್ತೇನೆ.

ಹಾಗಾದರೆ ದಾರಿ ಏನು?

ನಿಮ್ಮ ಮಗಳ ವಯಸ್ಸಿಗೆ ಅತಿ ಹತ್ತಿರದ ಬಾಗಿಲು ಎನ್‌ಡಿಎ, ಅಂದರೆ ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. 2022ರಿಂದ ಅಲ್ಲಿ ಹೆಣ್ಣುಮಕ್ಕಳೂ ತರಬೇತಿ ಪಡೆಯುತ್ತಿದ್ದಾರೆ. ಮೊದಲ ತಂಡ 2025ರಲ್ಲಿ ಪಾಸಾಗಿ ಹೊರಬಂತು. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಒಳಗೆ. ವಾಯುಪಡೆ, ನೌಕಾಪಡೆಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಬೇಕು. ಅವಳು ಈ ವರ್ಷವೇ ಅರ್ಜಿ ಹಾಕಬಹುದು. ತಪ್ಪಿದರೆ ಪದವಿ ಆದಮೇಲೆ ವಾಯುಪಡೆಯ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್ ಇದೆ, ಕೋಸ್ಟ್ ಗಾರ್ಡ್‌ನ ಅಸಿಸ್ಟೆಂಟ್ ಕಮಾಂಡೆಂಟ್ ಪರೀಕ್ಷೆ ಇದೆ (ಇದು ಆ ವರ್ಷ ಹೆಣ್ಣುಮಕ್ಕಳಿಗೂ ತೆರೆದಿದೆಯೇ ಅಂತ ಮೊದಲು ಅಧಿಸೂಚನೆ ನೋಡಿ). ಸೇನೆಯ ಏವಿಯೇಶನ್ ದಳದಲ್ಲಿ ಕ್ಯಾಪ್ಟನ್ ಅಭಿಲಾಷಾ ಬರಾಕ್ 2022ರಲ್ಲಿ ಮೊದಲ ಮಹಿಳಾ ಯುದ್ಧ ಪೈಲಟ್ ಆದರು. ಅವರು ಹಾರುವುದು ಹೆಲಿಕಾಪ್ಟರನ್ನೇ. ಈ ದಾರಿಯಲ್ಲಿ ತರಬೇತಿಗೆ ನಿಮ್ಮ ತೋಟ ಬೇಕಾಗಿಲ್ಲ, ಸರ್ಕಾರವೇ ಕಲಿಸುತ್ತದೆ. ಆದರೆ ಇದನ್ನು ಪುಕ್ಕಟೆ ಹೆಲಿಕಾಪ್ಟರ್ ಶಾಲೆ ಅಂದುಕೊಂಡು ಹೋಗಬಾರದು. ಅದು ಸೈನಿಕರ ಕೆಲಸ. ಹತ್ತಾರು ವರ್ಷ ಕೊಡಬೇಕು. ಹೆಲಿಕಾಪ್ಟರ್ ಸಿಗುತ್ತದೋ ಬೇರೇನೋ ಅಂತ ಅವರೇ ತೀರ್ಮಾನ ಮಾಡುತ್ತಾರೆ. ಅದಕ್ಕೆ ಮನಸ್ಸಿದ್ದರೆ ಮಾತ್ರ.

ಇನ್ನೊಂದು ಬಾಗಿಲನ್ನು ನಮ್ಮ ಜನ ನೋಡುವುದೇ ಇಲ್ಲ. ಅದು ಎಂಜಿನಿಯರ್ ಬಾಗಿಲು. ಬಿಇ ಅಲ್ಲ. ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಎಂಜಿನಿಯರ್, ಎಎಂಇ ಅಂತಾರೆ. ಇದಕ್ಕೂ ಪಿಯುಸಿ ವಿಜ್ಞಾನ ಸಾಕು. ಡಿಜಿಸಿಎ ಒಪ್ಪಿದ ಶಾಲೆಗಳು ಬೆಂಗಳೂರಲ್ಲೂ ಇವೆ. ಖರ್ಚು ಪೈಲಟ್ ತರಬೇತಿಗೆ ಹೋಲಿಸಿದರೆ ತೀರಾ ಕಡಿಮೆ. ಲೈಸೆನ್ಸ್‌ನಲ್ಲಿ ಬಿ1.3 ಅಂತ ಒಂದು ವರ್ಗ ಇದೆ, ಅದು ಟರ್ಬೈನ್ ಹೆಲಿಕಾಪ್ಟರ್‌ಗಳಿಗೆ. ಶಾಲೆಗೆ ಸೇರುವಾಗ ಬಿ1.1 ಅಂದರೆ ಅದು ವಿಮಾನದ್ದು, ಗಮನಿಸಿ. ವಿದ್ಯುತ್, ರೇಡಿಯೋ, ಆಟೋಪೈಲಟ್ ಕಡೆ ಒಲವಿದ್ದರೆ ಬಿ2.

ಮುಂಬೈಯ ಜುಹೂ ಹೆಲಿಕಾಪ್ಟರ್ ನಿಲ್ದಾಣದಲ್ಲಿ ಸಂಜೆ ನಿಂತು ನೋಡಬೇಕು. ದಿನವಿಡೀ ಸಮುದ್ರದ ಮೇಲೆ ಹಾರಿ ಬಂದ ಮೆಷಿನ್ ಮೇಲೆ ಉಪ್ಪು ಕೂತಿರುತ್ತದೆ. ಬೆರಳಿಟ್ಟು ಸವರಿದರೆ ಅಂಟುತ್ತದೆ. ಎಂಜಿನಿಯರುಗಳು ಸಿಹಿನೀರು ಹಾಕಿ ಮೈ ತೊಳೆಯುತ್ತಾರೆ, ಎಂಜಿನ್ ಒಳಗೂ ನೀರು ಬಿಟ್ಟು ಕಂಪ್ರೆಸರ್ ತೊಳೆಯುತ್ತಾರೆ. ಆಮೇಲೆ ಟಾರ್ಚ್ ಹಿಡಿದು ರೋಟರ್ ಹೆಡ್, ಅಂದರೆ ತಿರುಗುವ ರೆಕ್ಕೆಗಳ ಬುಡದ ಮೇಲೆ ಹತ್ತುತ್ತಾರೆ. ಒಂದೊಂದೇ ಬೋಲ್ಟ್, ಒಂದೊಂದೇ ಬೇರಿಂಗ್. ಅವರು ಸಹಿ ಹಾಕದೆ ಬೆಳಗ್ಗೆ ಯಾವ ಕ್ಯಾಪ್ಟನ್ನೂ ಅದನ್ನು ಮೇಲೆತ್ತುವ ಹಾಗಿಲ್ಲ. ನನ್ನ ಜೀವ ಎಷ್ಟೋ ಸಾವಿರ ಸಲ ಅವರ ಸಹಿಯ ಮೇಲೆ ನಿಂತಿತ್ತು. ಇದನ್ನು ಎರಡನೇ ದರ್ಜೆಯ ಕೆಲಸ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ನೇರವಾಗಿ ದುಡ್ಡು ಕೊಟ್ಟು ಪೈಲಟ್ ಆಗುವ ದಾರಿ ಪೂರ್ತಿ ಮುಚ್ಚಿದೆ ಅಂತ ನಾನು ಹೇಳುತ್ತಿಲ್ಲ. ಹಾಗೆ ಬಂದು ಗೆದ್ದವರಿದ್ದಾರೆ. ಆದರೆ ಅವರ ಮನೆಯಲ್ಲಿ ನಾಲ್ಕೈದು ವರ್ಷ ಸಂಬಳ ಇಲ್ಲದೆ ತಡೆದುಕೊಳ್ಳುವ ಶಕ್ತಿ ಇತ್ತು. ಅಡಿಕೆಗೆ ಕೊಳೆರೋಗ ಬಂದ ವರ್ಷ ಬಡ್ಡಿ ಕಟ್ಟುವುದು ಹೇಗೆ ಅಂತ ಯೋಚಿಸುವ ಮನೆಗೆ ಆ ದಾರಿ ಬೇಡ.

ಈಗ ಕೆಲಸದ ಬಗ್ಗೆ. ಮಗಳು ಇದನ್ನು ಓದಲಿ.

ಮುಂಬೈ ಹೈ ಎಣ್ಣೆ ನಿಕ್ಷೇಪ ಪತ್ತೆಯಾದದ್ದು 1974ರಲ್ಲಿ. ಮುಂಬೈಯಿಂದ ಸುಮಾರು 160 ಕಿಲೋಮೀಟರ್ ಪಶ್ಚಿಮಕ್ಕಿದೆ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಮಂಗಳೂರಿಗೆ ಹೋದಷ್ಟು ದೂರ ಅಂದುಕೊಳ್ಳಿ, ಆದರೆ ಕೆಳಗೆ ಬರೀ ನೀರು. ಅಲ್ಲಿ ಕೆಲಸ ಮಾಡುವವರು ಸಾಮಾನ್ಯವಾಗಿ 14 ದಿನ ಅಲ್ಲಿದ್ದು 14 ದಿನ ಮನೆಯಲ್ಲಿರುತ್ತಾರೆ. ಅವರನ್ನು ಬಿಟ್ಟು ಕರೆತರುವುದು ಹೆಲಿಕಾಪ್ಟರ್. ಆಂಧ್ರದ ಕರಾವಳಿಯಲ್ಲೂ ಇಂಥದೇ ಕೆಲಸ ಇದೆ. ನಮ್ಮ ಕರ್ನಾಟಕದ ಕರಾವಳಿಯಲ್ಲಿ ಎಣ್ಣೆ ಬಾವಿ ಇಲ್ಲ, ಹಾಗಾಗಿ ಊರು ಬಿಡಲೇಬೇಕು.

ನೋಡುವವರಿಗೆ ಇದು ಬಸ್ ಓಡಿಸಿದ ಹಾಗೆ ಕಾಣಬಹುದು. ಬೆಳಗ್ಗೆ ಹೊರಡು, ಪ್ಲಾಟ್‌ಫಾರಂ ಮೇಲೆ ಇಳಿ, ಜನ ಇಳಿಸು, ಹತ್ತಿಸು, ಮುಂದಿನದಕ್ಕೆ ಹೋಗು. ಆದರೆ ಆ ಇಳಿಯುವ ಜಾಗ ನೋಡಬೇಕು. ಸುತ್ತ ಕ್ರೇನ್, ಕೊಳವೆ, ಬೆಂಕಿ ಉರಿಯುವ ಚಿಮಣಿ. ಅದರ ಒಂದು ಮೂಲೆಗೆ ಅಂಗಳದಷ್ಟು ಕಬ್ಬಿಣದ ಹಲಗೆ, ಅದೇ ಹೆಲಿಡೆಕ್. ಹಳದಿ ಚಕ್ರ, ಮಧ್ಯೆ ಬಿಳಿ ಎಚ್ ಅಕ್ಷರ. 210 ಡಿಗ್ರಿಯಷ್ಟು ಕಡೆ ಏನೂ ಅಡ್ಡ ಇರಬಾರದು ಅಂತ ನಿಯಮ. ಉಳಿದ 150 ಡಿಗ್ರಿಯಲ್ಲಿ ಅಡ್ಡ ಇದ್ದೇ ಇರುತ್ತದೆ. ಗಾಳಿ ಆ ಕಡೆಯಿಂದ ಬಂದರೆ ಪ್ಲಾಟ್‌ಫಾರಂ ಹಿಂದಿನಿಂದ ಸುಳಿ ಎದ್ದು ಮೆಷಿನ್ನನ್ನು ಕೆಳಕ್ಕೆ ಎಳೆಯುತ್ತದೆ. ಎಡಗೈಯಲ್ಲಿ ಪವರ್ ಹಿಡಿದಿರುತ್ತೀರಿ. ಡೆಕ್ಕಿನ ಅಂಚು ಕಾಲಡಿ ಬಂದ ಕ್ಷಣ, ಅಲ್ಲಿವರೆಗೆ ಕೆಳಗೆ ಇದ್ದ ಸಮುದ್ರ ಮಾಯವಾಗಿ ಕಬ್ಬಿಣ ಬರುತ್ತದೆ. ಆ ಒಂದು ಸೆಕೆಂಡು ಎಷ್ಟು ವರ್ಷ ಹಾರಿದರೂ ಹಳೆಯದಾಗಲ್ಲ.

ಡೆಕ್ ಮೇಲೆ ರೋಟರ್ ತಿರುಗುತ್ತಿರುವಾಗಲೇ ಜನ ಇಳಿದು ಹತ್ತುತ್ತಾರೆ. ಅವರನ್ನು ಬಾಲದ ರೋಟರ್ ಕಡೆ ಹೋಗದಂತೆ ನೋಡಿಕೊಳ್ಳಲು ಒಬ್ಬ ಲ್ಯಾಂಡಿಂಗ್ ಆಫೀಸರ್ ಇರುತ್ತಾರೆ. ಬೆಂಕಿ ಆರಿಸುವವರು ಫೋಮ್ ಹಿಡಿದು ನಿಂತಿರುತ್ತಾರೆ. ಇವೂ ಕೆಲಸಗಳೇ. ಪೈಲಟ್ ಸೀಟು ಒಂದೇ ಕಣ್ಣಿಗೆ ಬೀಳುತ್ತದೆ, ಅದರ ಸುತ್ತ ಇಷ್ಟು ಜನ ಬೇಕು.

ಮಳೆಗಾಲ ನಮ್ಮ ಮಲೆನಾಡಿನ ಹಾಗೆಯೇ. ಆಗುಂಬೆಯಲ್ಲಿ ಮಂಜು ಇಳಿದರೆ ಎದುರಿನ ಮರ ಕಾಣಲ್ಲ ಅಲ್ವಾ? ಅರಬ್ಬಿ ಸಮುದ್ರದ ಮೇಲೆ ಜುಲೈನಲ್ಲಿ ಹಾಗೇ. ಮೋಡ ಯಾವುದು, ನೀರು ಯಾವುದು ತಿಳಿಯಲ್ಲ. ಒಂದು ಮಳೆಗಾಲದ ಬೆಳಗ್ಗೆ ನನ್ನ ಪಕ್ಕದಲ್ಲಿ ಹೊಸ ಕೋ-ಪೈಲಟ್ ಹುಡುಗಿ ಇದ್ದಳು. ಪ್ಲಾಟ್‌ಫಾರಂ ಇನ್ನೇನು ಕಾಣಬೇಕು, ಕಾಣುತ್ತಿಲ್ಲ. ನಾನು ಇನ್ನೊಂದು ಚೂರು ಮುಂದೆ ಹೋಗಿ ನೋಡೋಣ ಅಂತ ಮನಸ್ಸಲ್ಲೇ ಅಂದುಕೊಳ್ಳುತ್ತಿದ್ದೆ. ಅವಳು ನೆಟ್ಟಗೆ ಹೇಳಿದಳು, "ಸರ್, ನಮ್ಮ ಮಿತಿ ಮುಗಿಯಿತು. ವಾಪಸ್ ಹೋಗೋಣ." ಹೋದೆವು. ಹಿಂದೆ ಕೂತವರಲ್ಲಿ ಇಬ್ಬರು ಗೊಣಗಿದರು, ಪ್ಲಾಟ್‌ಫಾರಂನಲ್ಲಿ ಕಾಯುತ್ತಿದ್ದವರ ರಜೆ ಒಂದು ದಿನ ತಡವಾಯಿತು. ಇಳಿದ ಮೇಲೆ ನಾನು ಅವಳಿಗೆ ಕೈಕೊಟ್ಟು ಥ್ಯಾಂಕ್ಸ್ ಹೇಳಿದೆ.

ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಹಿರಿಯರಿಗೆ ಎದುರು ಮಾತಾಡಬೇಡ ಅಂತ ಕಲಿಸುತ್ತೇವೆ. ಕಾಕ್‌ಪಿಟ್ಟಿನಲ್ಲಿ ಅದು ಜೀವ ತೆಗೆಯುತ್ತದೆ. ಇಬ್ಬರು ಪೈಲಟ್‌ಗಳನ್ನು ಕೂರಿಸುವುದೇ ಒಬ್ಬರ ತಪ್ಪನ್ನು ಇನ್ನೊಬ್ಬರು ಹೇಳಲಿ ಅಂತ. ನಿಮ್ಮ ಕೂಸು ಮನೆಯಲ್ಲಿ ನಿಮ್ಮ ಲೆಕ್ಕ ತಪ್ಪಿದಾಗ "ಅಪ್ಪ, ಇದು ತಪ್ಪು" ಅನ್ನುತ್ತಾಳಾ? ಅಂದರೆ ಬೈಯಬೇಡಿ.

ಇನ್ನು ರಕ್ಷಣಾ ಕೆಲಸ. ಇಲ್ಲಿ ಒಂದು ವಿಷಯ ಸ್ಪಷ್ಟ ಇರಲಿ. ಭಾರತದಲ್ಲಿ ಸಮುದ್ರದಲ್ಲಿ ಹುಡುಕಿ ಕಾಪಾಡುವ ಜವಾಬ್ದಾರಿ ಕೋಸ್ಟ್ ಗಾರ್ಡ್‌ನದ್ದು. ಜೊತೆಗೆ ನೌಕಾಪಡೆ, ವಾಯುಪಡೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮುಂಬೈ ಹತ್ತಿರ ಪಿ305 ಅನ್ನುವ ಬಾರ್ಜ್ (ಎಣ್ಣೆ ಕೆಲಸಗಾರರು ಉಳಿಯುವ ಚಪ್ಪಟೆ ಹಡಗು) ಮುಳುಗಿದಾಗ 261 ಜನ ಇದ್ದರು. 180ಕ್ಕೂ ಹೆಚ್ಚು ಜನರನ್ನು ಹಡಗು, ಹೆಲಿಕಾಪ್ಟರ್‌ಗಳಿಂದ ಉಳಿಸಿದ್ದು ಇವರೇ. 2019ರ ಆಗಸ್ಟ್ ಪ್ರವಾಹದಲ್ಲಿ ಹಂಪಿ ಎದುರಿನ ವಿರುಪಾಪುರ ಗಡ್ಡೆಯಿಂದ ಪ್ರವಾಸಿಗರನ್ನು ಎತ್ತಿದ್ದು ವಾಯುಪಡೆಯ ಹೆಲಿಕಾಪ್ಟರ್. ಬ್ರಿಟನ್ನಿನಲ್ಲಿ 2015ರಿಂದ ಕೋಸ್ಟ್‌ಗಾರ್ಡ್ ಪರವಾಗಿ ಬ್ರಿಸ್ಟೋ ಅನ್ನುವ ಖಾಸಗಿ ಕಂಪನಿ ಈ ಕೆಲಸ ಮಾಡುತ್ತಿದೆ. ನಮ್ಮಲ್ಲಿ ಹಾಗಿಲ್ಲ. ಹಾಗಾಗಿ ಮುಳುಗುವವರನ್ನು ಎತ್ತುವುದೇ ಮಗಳ ನಿಜವಾದ ಆಸೆ ಆಗಿದ್ದರೆ ಅವಳು ದುಡ್ಡು ಕೊಟ್ಟು ಕಮರ್ಷಿಯಲ್ ಲೈಸೆನ್ಸ್ ಹಿಂದೆ ಹೋಗುವುದೇ ತಪ್ಪು. ಕೋಸ್ಟ್ ಗಾರ್ಡ್ ಕಡೆ ಮುಖ ಮಾಡಬೇಕು.

ಆ ಕೆಲಸ ಹೇಗಿರುತ್ತದೆ ಅಂತ ಅಡಿಕೆ ಬೆಳೆಗಾರರಾದ ನಿಮಗೆ ಸುಲಭವಾಗಿ ಹೇಳಬಹುದು. ಅಡಿಕೆ ಕೊನೆ (ಗೊಂಚಲು) ಕೊಯ್ಯುವ ಕೊನೆಗಾರ ಮರದ ತುದಿಯಲ್ಲಿ ಇರುತ್ತಾನೆ, ಕೆಳಗೆ ಒಬ್ಬ ಹಗ್ಗ ಹಿಡಿದಿರುತ್ತಾನೆ. ಕೊನೆ ಹಗ್ಗದಲ್ಲಿ ಜಾರಿ ಬರುತ್ತದೆ. ಇಬ್ಬರ ಕೈ ಒಂದೇ ಲೆಕ್ಕದಲ್ಲಿ ಇರಬೇಕು, ಇಲ್ಲದಿದ್ದರೆ ಕೊನೆ ನೆಲಕ್ಕೆ ಬಡಿದು ಚದುರುತ್ತದೆ. ಹೆಲಿಕಾಪ್ಟರ್‌ನಲ್ಲೂ ಹಾಗೆಯೇ, ಹಗ್ಗದ ಬದಲು ಉಕ್ಕಿನ ತಂತಿ. ವಿಂಚ್‌ಮನ್ ತಂತಿಯಲ್ಲಿ ಕೆಳಗಿಳಿಯುತ್ತಾರೆ. ಬಾಗಿಲಲ್ಲಿ ಆ ತಂತಿಯ ರಾಟೆ ನಡೆಸುವ ವಿಂಚ್ ಆಪರೇಟರ್ ಮಂಡಿಯೂರಿ ಹೊರಗೆ ಬಾಗಿರುತ್ತಾರೆ. ಪೈಲಟ್‌ಗೆ ತನ್ನ ಹೊಟ್ಟೆಯ ಕೆಳಗೆ ಏನು ನಡೆಯುತ್ತಿದೆ ಅಂತ ಕಾಣುವುದೇ ಇಲ್ಲ. ಕಿವಿಯಲ್ಲಿ ಆಪರೇಟರ್ ಸ್ವರ ಮಾತ್ರ: ಮುಂದೆ ಐದು, ಮುಂದೆ ಮೂರು, ಬಲಕ್ಕೆ ಒಂದು, ಹಾಗೇ ಇರಲಿ. ಆ ಸ್ವರದ ಮೇಲೆ ಇಡೀ ಮೆಷಿನ್ ಒಂದೆರಡು ಅಡಿ ಸರಿಯುತ್ತದೆ.

ಒಂದು ಸಣ್ಣ ವಿಷಯ ಹೇಳುತ್ತೇನೆ. ಹಾರುವ ಹೆಲಿಕಾಪ್ಟರ್ ಮೈಯಲ್ಲಿ ಸ್ಥಿರ ವಿದ್ಯುತ್ ಸೇರಿಕೊಂಡಿರುತ್ತದೆ. ಇಳಿದು ಬರುವ ಕೊಕ್ಕೆಯನ್ನು ಮೊದಲು ನೀರಿಗೋ ನೆಲಕ್ಕೋ ತಾಗಲು ಬಿಡಬೇಕು. ಆತುರಕ್ಕೆ ಗಾಳಿಯಲ್ಲೇ ಕೈಚಾಚಿ ಹಿಡಿದರೆ ಜೋರಾಗಿ ಶಾಕ್ ಹೊಡೆಯುತ್ತದೆ. ಪ್ರವಾಹದಲ್ಲಿ ಸಿಕ್ಕಿಕೊಂಡವರೂ ಇದನ್ನು ತಿಳಿದಿರಬೇಕು, ಅದಕ್ಕೇ ಬರೆದೆ.

ಈಗ ಅವಳ ಅಮ್ಮನ ಪ್ರಶ್ನೆ, ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದರೆ ಏನು ಅಂತ. ಸುಮ್ನೆ ಸಮಾಧಾನ ಹೇಳುವುದಿಲ್ಲ. ಬಿದ್ದಿವೆ. 2018ರ ಜನವರಿಯಲ್ಲಿ ಮುಂಬೈಯಿಂದ ಹೊರಟ ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದು ಅದರಲ್ಲಿದ್ದ 7 ಜನರೂ ತೀರಿಕೊಂಡರು. 2022ರ ಜೂನ್ 28ರಂದು ಸಾಗರ್ ಕಿರಣ್ ಅನ್ನುವ ಎಣ್ಣೆ ಬಾವಿ ಕೊರೆಯುವ ರಿಗ್ ಹತ್ತಿರ 9 ಜನರಿದ್ದ ಹೆಲಿಕಾಪ್ಟರ್ ನೀರಿಗೆ ಇಳಿಯಿತು. 4 ಜನ ಹೋದರು, 5 ಜನ ಉಳಿದರು.

ಹೆಲಿಕಾಪ್ಟರ್‌ನಲ್ಲಿ ಎಂಜಿನ್, ಗೇರ್‌ಬಾಕ್ಸ್ ಎಲ್ಲ ತಲೆ ಮೇಲೆ. ಹಾಗಾಗಿ ನೀರಿಗೆ ಬಿದ್ದರೆ ಮಗುಚಿಕೊಳ್ಳುವುದೇ ಜಾಸ್ತಿ. ಅದಕ್ಕೆ ತೇಲಲು ಗಾಳಿಚೀಲಗಳಿವೆ. ಅವುಗಳ ಜೊತೆಗೆ ಹುಯೆಟ್ ಅನ್ನುವ, ನೀರಿಗೆ ಬಿದ್ದ ಹೆಲಿಕಾಪ್ಟರ್‌ನಿಂದ ಹೊರಬರುವ ತರಬೇತಿ ಇದೆ. ಪೈಲಟ್‌ಗೂ ಉಂಟು, ಪ್ಲಾಟ್‌ಫಾರಂಗೆ ಹೋಗುವ ಕೆಲಸಗಾರರಿಗೂ ಉಂಟು. ಗೋವಾದ ಬೇತುಲ್‌ನಲ್ಲಿ ಸರ್ಕಾರಿ ಎಣ್ಣೆ ಕಂಪನಿ ಓಎನ್‌ಜಿಸಿಯ ಸುರಕ್ಷತಾ ಸಂಸ್ಥೆ ಇದೆ, ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವ ಪಾಠಗಳನ್ನು ಅಲ್ಲಿ ಕಲಿಸುತ್ತಾರೆ.

ನಾನು ಮೊದಲ ಸಲ ಮಾಡಿದ್ದು ಇವತ್ತಿಗೂ ಮೈಯಲ್ಲಿ ನೆನಪಿದೆ. ಈಜುಕೊಳದ ಮೇಲೆ ಕ್ರೇನಿಗೆ ತೂಗುಹಾಕಿದ ಡಬ್ಬಿಯಂಥ ಕ್ಯಾಬಿನ್. ಒಳಗೆ ಬೆಲ್ಟ್ ಕಟ್ಟಿ ಕೂರುತ್ತೀರಿ. ಅದು ನೀರಿಗೆ ಇಳಿಯುತ್ತದೆ. ಮೊದಲು ಕಾಲು, ಸೊಂಟ, ಎದೆ. ಕೊನೆಯ ಉಸಿರು ಎಳೆದುಕೊಳ್ಳುತ್ತೀರಿ. ಆಮೇಲೆ ಇಡೀ ಕ್ಯಾಬಿನ್ ತಲೆಕೆಳಗಾಗುತ್ತದೆ. ಮೂಗಿಗೆ ನೀರು ಏರುತ್ತದೆ, ಮೇಲೆ ಕೆಳಗೆ ಗೊತ್ತಾಗಲ್ಲ. ಆಗ ಕಲಿಸಿದ್ದು ಇಷ್ಟೇ: ಒಂದು ಕೈ ಕಿಟಕಿಯ ಅಂಚಿನ ಮೇಲೆ ಇರಲಿ, ಬಿಡಬೇಡ. ಅಲುಗಾಟ ನಿಲ್ಲುವ ತನಕ ಕಾಯಿ. ಕಿಟಕಿ ತಳ್ಳು. ಆಮೇಲೆ ಬೆಲ್ಟ್ ಬಿಚ್ಚು. ಆ ಕೈ ಎಲ್ಲಿದೆಯೋ ಆ ಕಡೆ ಹೊರಗೆ ಹೋಗು. ಲೈಫ್ ಜಾಕೆಟ್ ಒಳಗೆ ಉಬ್ಬಿಸಬೇಡ, ಉಬ್ಬಿಸಿದರೆ ಮೇಲಕ್ಕೆ ಒತ್ತಿಕೊಂಡು ಒಳಗೇ ಸಿಕ್ಕಿಬೀಳುತ್ತೀಯ. ಬೆಲ್ಟ್ ಮೊದಲು ಬಿಚ್ಚಿದವರು ಕ್ಯಾಬಿನ್ನಿನಲ್ಲಿ ತೇಲಾಡಿ ದಾರಿ ತಪ್ಪುತ್ತಾರೆ. ಮೊದಲ ಸಲ ನಾನು ಅದನ್ನೇ ಮಾಡಿದೆ. ಡೈವರ್ ಎಳೆದು ಹೊರಗೆ ಹಾಕಿದರು. ನಾಲ್ಕನೇ ಸಲ ಸರಿಯಾಯಿತು.

ಈಗ ಏನು ಮಾಡಬೇಕು ಅಂದರೆ, ಮೊದಲು ಮೆಡಿಕಲ್. ಕಮರ್ಷಿಯಲ್ ಪೈಲಟ್‌ಗೆ ಡಿಜಿಸಿಎಯ ಕ್ಲಾಸ್ 1 ಮೆಡಿಕಲ್ ಬೇಕು, ಅದಕ್ಕೆ ಮುಂಚೆ ಕ್ಲಾಸ್ 2. ಒಪ್ಪಿಗೆ ಪಡೆದ ವೈದ್ಯರು ಬೆಂಗಳೂರಿನಲ್ಲಿದ್ದಾರೆ. ಕನ್ನಡಕ ಇದ್ದ ಮಾತ್ರಕ್ಕೆ ಕಮರ್ಷಿಯಲ್ ಲೈಸೆನ್ಸ್ ತಪ್ಪುವುದಿಲ್ಲ, ಆದರೆ ಸೇನಾಪಡೆಗಳಲ್ಲಿ ಹಾರಲು ಕಣ್ಣಿನ ಮಾನದಂಡ ಇನ್ನೂ ಬಿಗಿ. ಬಣ್ಣಗುರುಡು ಇದ್ದರೆ ಎರಡೂ ಕಡೆ ಕಷ್ಟ. ಚುಕ್ಕಿಗಳ ನಡುವೆ ಅಂಕಿ ಓದಿಸುವ ಆ ಪರೀಕ್ಷೆಯನ್ನು ಶಿವಮೊಗ್ಗದ ಯಾವ ಕಣ್ಣಿನ ಡಾಕ್ಟರಾದರೂ ಹತ್ತು ನಿಮಿಷದಲ್ಲಿ ಮಾಡುತ್ತಾರೆ. ಲಕ್ಷಗಳ ಮಾತಾಡುವ ಮುಂಚೆ ಅದನ್ನು ಮಾಡಿಸಿ. ಆ ಏಜೆಂಟರು ಮತ್ತೆ ಫೋನ್ ಮಾಡಿದರೆ, ಕೆಲಸದ ಗ್ಯಾರಂಟಿಯನ್ನು ಕಂಪನಿಯ ಹೆಸರು ಹಾಕಿ ಬರೆದುಕೊಡಿ ಅಂತ ಕೇಳಿ. ಹಿಂದೆ ಅವರ ಮೂಲಕ ಹೋಗಿ ಈಗ ಎಣ್ಣೆ ಪ್ಲಾಟ್‌ಫಾರಂಗೆ ಹಾರುತ್ತಿರುವ ಒಬ್ಬರ ಜೊತೆ ಮಾತಾಡಿಸಿ ಅಂತಲೂ ಕೇಳಿ.

ಇನ್ನೊಂದು. ಕೂಸಿಗೆ ಈಜು ಬರುತ್ತಾ? ಪೈಲಟ್ ಆಗಲಿ, ಎಂಜಿನಿಯರ್ ಆಗಿ ಪ್ಲಾಟ್‌ಫಾರಂಗೆ ಹೋಗಲಿ, ಕೋಸ್ಟ್ ಗಾರ್ಡ್ ಸೇರಲಿ, ನೀರಿನ ಭಯ ಹೋಗಿರಬೇಕು. ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಕಲಿಯಲಿ. ತುಂಗಾ ನದಿಯ ಮಡುವಿನಲ್ಲಿ ಬೇಡ. ಶಿವಮೊಗ್ಗದಲ್ಲಿ ಈಜುಕೊಳದಲ್ಲಿ, ಕಲಿಸುವವರು ದಡದಲ್ಲಿ ನಿಂತಿರುವಾಗ.